ನಮ್ಮ ಲಾಗಿನ್ ಬೇರೆಯವರ ವಿಜೆಟ್‌ಗೆ ಗೊತ್ತಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಹಕರು ನಿಮ್ಮ ಸೈಟ್‌ಗೆ ಆಗಲೇ ಲಾಗಿನ್ ಆಗಿದ್ದಾರೆ. ಮೇಲುಗಡೆ ಅವರ ಹೆಸರೂ ಕಾಣಿಸುತ್ತಿದೆ. ಪುಟದ ಮೂಲೆಯ ಚಾಟ್ ವಿಜೆಟ್ ತೆರೆದು "ನನ್ನ ಆರ್ಡರ್ ಎಲ್ಲಿಗೆ ಬಂತು?" ಎಂದು ಕೇಳಿದರೆ ಮಾತ್ರ ಅದು ಹೆಸರು, ಇಮೇಲ್, ಫೋನ್ ನಂಬರ್ ಎಲ್ಲವನ್ನೂ ಮತ್ತೆ ಕೇಳುತ್ತದೆ. ಈ ಕಿರಿಕಿರಿ ತಪ್ಪಿಸಲು ಹೊರಟವರು ಅವಸರದಲ್ಲಿ ಹಿಡಿಯುವ ದಾರಿಗಳಲ್ಲಿ ಕೆಲವು ನಿಜಕ್ಕೂ ಅಪಾಯಕಾರಿ. ಆ ಕಾರಣಕ್ಕೇ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಕನ್ನಡ ಪುಸ್ತಕ ಮಾರುವ ಆನ್‌ಲೈನ್ ಅಂಗಡಿ, ಅದರ ಪುಟದಲ್ಲಿ ಬೇರೊಂದು ಕಂಪನಿಯ ಸಹಾಯ ಚಾಟ್ ಐಫ್ರೇಮ್ ಆಗಿ (ಪುಟದೊಳಗೆ ಕೂರಿಸಿದ ಇನ್ನೊಂದು ಪುಟವಾಗಿ) ಕೂತಿದೆ. ಅಂಗಡಿಯನ್ನು ಹೋಸ್ಟ್ ಎನ್ನುತ್ತೇನೆ, ಚಾಟ್ ಅನ್ನು ವಿಜೆಟ್ ಎನ್ನುತ್ತೇನೆ.

ಒಂದೇ ಪುಟದಲ್ಲಿದ್ದರೂ ಹೋಸ್ಟ್‌ನ ಲಾಗಿನ್ ವಿಜೆಟ್‌ಗೆ ಯಾಕೆ ಗೊತ್ತಾಗುವುದಿಲ್ಲ?

ಬ್ರೌಸರ್ ಬೇಕೆಂದೇ ತಡೆಯುತ್ತದೆ. ನಮ್ಮ ಕಣ್ಣಿಗೆ ಒಂದೇ ಪುಟ. ಬ್ರೌಸರ್ ಲೆಕ್ಕದಲ್ಲಿ ಅಲ್ಲಿ ಎರಡು ಪುಟಗಳಿವೆ, ಹೊರಗಿನದು ಅಂಗಡಿಯದು, ಐಫ್ರೇಮ್ ಒಳಗಿನದು ವಿಜೆಟ್ ಕಂಪನಿಯದು. ಒಂದು ಒರಿಜಿನ್‌ನ (ಪುಟ ಬಂದ ಮೂಲ ವಿಳಾಸದ) ಸ್ಕ್ರಿಪ್ಟ್ ಇನ್ನೊಂದು ಒರಿಜಿನ್‌ನ ಪುಟವನ್ನು ಓದಕೂಡದು ಎಂಬ ಸೇಮ್ ಒರಿಜಿನ್ ಪಾಲಿಸಿ 1995ರ ಸುಮಾರಿಗೆ, ನೆಟ್‌ಸ್ಕೇಪ್ ಬ್ರೌಸರ್‌ಗೆ ಜಾವಾಸ್ಕ್ರಿಪ್ಟ್ ಬಂದ ಬೆನ್ನಿಗೇ ಬಂದದ್ದು. ಅದಿಲ್ಲದಿದ್ದರೆ ಯಾವುದೋ ಸೈಟ್ ನಿಮ್ಮ ಬ್ಯಾಂಕಿನ ಪುಟವನ್ನು ಕಾಣದ ಐಫ್ರೇಮ್‌ನಲ್ಲಿ ತೆರೆದು ಖಾತೆಯಲ್ಲಿ ಎಷ್ಟಿದೆ ಎಂದು ಓದಿಬಿಡುತ್ತಿತ್ತು.

ಇನ್ನು ಲಾಗಿನ್ ಸೆಷನ್ ಕುಕೀ, ಎಂದರೆ ಲಾಗಿನ್ ನೆನಪಿಡಲು ಬ್ರೌಸರ್ ಇಟ್ಟುಕೊಂಡು ಸರ್ವರ್‌ಗೆ ಕಳಿಸುವ ಚಿಕ್ಕ ಮಾಹಿತಿ ತುಣುಕು. ಅದು ಅಂಗಡಿಯ ಡೊಮೇನ್‌ಗೆ ಸೇರಿದ್ದು, ವಿಜೆಟ್‌ನ ಸರ್ವರ್‌ಗೆ ಹೋಗುವುದೇ ಇಲ್ಲ. ಅದಕ್ಕೆ ಎಚ್‌ಟಿಟಿಪಿ ಓನ್ಲಿ ಎಂಬ ಗುರುತು ಹಾಕಿದ್ದರೆ (ಹಾಕಿರಲೇಬೇಕು) ಅಂಗಡಿಯ ಸ್ವಂತ ಜಾವಾಸ್ಕ್ರಿಪ್ಟ್‌ಗೂ ಅದು ಕಾಣುವುದಿಲ್ಲ. "ವಿಜೆಟ್‌ಗೆ ಕುಕೀ ಓದಲು ಆಗುತ್ತಿಲ್ಲ, ಆ ಗುರುತು ತೆಗೆದುಬಿಡಲಾ?" ಎಂದು ಕೇಳುವವರಿದ್ದಾರೆ. ದಯವಿಟ್ಟು ತೆಗೆಯಬೇಡಿ.

ಒರಿಜಿನ್ ಬೇರೆ, ಸೈಟ್ ಬೇರೆ ಎನ್ನುತ್ತಾರಲ್ಲ, ಏನು ವ್ಯತ್ಯಾಸ?

ಒರಿಜಿನ್ ಎಂದರೆ ಪ್ರೊಟೊಕಾಲ್, ಸಬ್‌ಡೊಮೇನ್ ಸೇರಿ ಪೂರ್ತಿ ಡೊಮೇನ್ ಹೆಸರು, ಪೋರ್ಟ್ ನಂಬರ್, ಮೂರೂ ಸೇರಿ. ಒಂದು ಬದಲಾದರೂ ಒರಿಜಿನ್ ಬೇರೆಯಾಯಿತು. ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದೂ ಇಲ್ಲದಿರುವುದೂ ಎರಡು ಒರಿಜಿನ್. ಸೈಟ್ ಎಂದರೆ ಇದಕ್ಕಿಂತ ಸಡಿಲ. ನೀವು ನೋಂದಾಯಿಸಿದ ಡೊಮೇನ್ ಮತ್ತು ಅದರ ಎಲ್ಲ ಸಬ್‌ಡೊಮೇನ್‌ಗಳು ಒಂದೇ ಸೈಟ್, ಪೋರ್ಟ್ ಲೆಕ್ಕಕ್ಕಿಲ್ಲ. ಡಾಟ್ ಸಿಒ ಡಾಟ್ ಇನ್ ಥರದ ಬಾಲಗಳಲ್ಲಿ ಡೊಮೇನ್ ಎಲ್ಲಿಂದ ಶುರು ಎಂಬುದನ್ನು ಬ್ರೌಸರ್‌ಗಳು ಪಬ್ಲಿಕ್ ಸಫಿಕ್ಸ್ ಲಿಸ್ಟ್ ನೋಡಿ ತಿಳಿಯುತ್ತವೆ.

ಪುಟ ಓದುವ ವಿಷಯಕ್ಕೆ ಒರಿಜಿನ್ ಮುಖ್ಯ, ಕುಕೀ ಕಳಿಸುವ ವಿಷಯಕ್ಕೆ ಸೈಟ್ ಮುಖ್ಯ. ವಿಜೆಟ್ ನಿಮ್ಮದೇ ಸಬ್‌ಡೊಮೇನ್‌ನಲ್ಲಿದ್ದರೆ, ನಿಮ್ಮದೇ ತಂಡ ಬರೆದದ್ದಾದರೆ, ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. ಲಾಗಿನ್ ಕುಕೀಯನ್ನು ಮುಖ್ಯ ಡೊಮೇನ್‌ಗೆ ಹಾಕಿ ಎರಡೂ ಕಡೆ ಬಳಸಬಹುದು. ಬೇರೆ ಕಂಪನಿಯ ವಿಜೆಟ್ ಆದರೆ ಹಾಗೆ ಮಾಡಕೂಡದು. ಡಿಎನ್‌ಎಸ್‌ನಲ್ಲಿ (ಯಾವ ಹೆಸರು ಯಾವ ಸರ್ವರ್‌ಗೆ ಎಂಬ ದಾಖಲೆಯಲ್ಲಿ) ನಿಮ್ಮ ಸಬ್‌ಡೊಮೇನ್ ಒಂದನ್ನು ಅವರ ಸರ್ವರ್‌ಗೆ ತಿರುಗಿಸಿದರೆ ನಿಮ್ಮ ಸೆಷನ್ ಕುಕೀ ನೇರವಾಗಿ ಅವರ ಕೈಗೆ ಹೋಗಬಹುದು.

ಐಫ್ರೇಮ್ ಬಿಟ್ಟು ನೇರ ಸ್ಕ್ರಿಪ್ಟ್ ಟ್ಯಾಗ್ ಹಾಕಿದರೆ ಎಲ್ಲವೂ ಸಿಗುತ್ತದಲ್ಲ?

ಸಿಗುತ್ತದೆ, ಬೇಡದ್ದೂ ಸೇರಿ. ಸ್ಕ್ರಿಪ್ಟ್ ಟ್ಯಾಗ್ ಮೂಲಕ ಬಂದ ಕೋಡ್ ಯಾರ ಸರ್ವರ್‌ನಿಂದ ಬಂದರೂ ನಿಮ್ಮ ಪುಟದ ಒರಿಜಿನ್‌ನಲ್ಲೇ ಓಡುತ್ತದೆ. ಪುಟದಲ್ಲಿ ಬರೆದದ್ದು, ಗ್ರಾಹಕರು ಫಾರ್ಮ್‌ನಲ್ಲಿ ಟೈಪ್ ಮಾಡಿದ್ದು, ಬ್ರೌಸರ್‌ನ ಲೋಕಲ್‌ಸ್ಟೋರೇಜ್ ಸಂಗ್ರಹದಲ್ಲಿ ಇಟ್ಟದ್ದು ಎಲ್ಲವನ್ನೂ ಅದು ಓದಬಲ್ಲದು, ನಿಮ್ಮ ಎಪಿಐಗಳನ್ನು (ಸರ್ವರ್‌ನಿಂದ ಮಾಹಿತಿ ಕೇಳುವ ದಾರಿಗಳನ್ನು) ಗ್ರಾಹಕರ ಹೆಸರಿನಲ್ಲೇ ಕರೆಯಬಲ್ಲದು.

ಇದರ ಬೆಲೆ ಏನು ಎಂಬುದಕ್ಕೆ ಟಿಕೆಟ್ ಮಾರುವ ಕಂಪನಿ ಟಿಕೆಟ್‌ಮಾಸ್ಟರ್‌ನ ಬ್ರಿಟನ್ ವಿಭಾಗದ ಪ್ರಕರಣ ನೋಡಿ. ಇನ್‌ಬೆಂಟಾ ಎಂಬ ಕಂಪನಿ ಒದಗಿಸಿದ ಚಾಟ್‌ಬಾಟ್ ಸ್ಕ್ರಿಪ್ಟನ್ನು ಅವರು ಹಣ ಪಾವತಿಸುವ ಪುಟದಲ್ಲೂ ಹಾಕಿದ್ದರು. ಕಳ್ಳರು ಆ ಸ್ಕ್ರಿಪ್ಟ್‌ಗೇ ಕೈಹಾಕಿ ಅದರಲ್ಲಿ ತಮ್ಮ ಕೋಡ್ ಸೇರಿಸಿದರು. ಗ್ರಾಹಕರ ಹೆಸರು, ಕಾರ್ಡ್ ನಂಬರ್, ಸಿವಿವಿ ಎಲ್ಲವೂ ಹೊರಗೆ ಹೋದವು. 2018ರ ಜೂನ್‌ನಲ್ಲಿ ವಿಷಯ ಬಯಲಾಯಿತು. ಬ್ರಿಟನ್ನಿನ 15 ಲಕ್ಷ ಜನ ಸೇರಿ ಯೂರೋಪಿನ 94 ಲಕ್ಷ ಗ್ರಾಹಕರ ಮಾಹಿತಿ ಅಪಾಯಕ್ಕೆ ಸಿಕ್ಕಿರಬಹುದು ಎಂದು ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ಹೇಳಿತು. 2020ರ ನವೆಂಬರ್‌ನಲ್ಲಿ 12.5 ಲಕ್ಷ ಪೌಂಡ್ ದಂಡ ಹಾಕಿತು. ದಂಡ ಕಟ್ಟಬೇಕಾದದ್ದು ಪುಟದ ಮಾಲೀಕರು. ಸ್ಕ್ರಿಪ್ಟ್ ಬೇರೆಯವರದ್ದು ಎಂಬ ವಾದ ನಡೆಯಲಿಲ್ಲ.

ಹೀಗಾಗಿ ನನ್ನ ಸಲಹೆ ಗಟ್ಟಿಯಾಗಿದೆ. ಬೇರೆಯವರ ವಿಜೆಟ್ ಐಫ್ರೇಮ್ ಒಳಗೇ ಇರಲಿ, ಪಾವತಿ ಪುಟದಲ್ಲಿ ಅದೂ ಬೇಡ. ಐಫ್ರೇಮ್ ತೆರೆಯಲು ಅವರು ಕೊಡುವ ಚಿಕ್ಕ ಲೋಡರ್ ಸ್ಕ್ರಿಪ್ಟ್ ಕೂಡ ನಿಮ್ಮ ಒರಿಜಿನ್‌ನಲ್ಲೇ ಓಡುತ್ತದೆ. ಅದನ್ನು ಬಿಟ್ಟು ಐಫ್ರೇಮ್ ಟ್ಯಾಗನ್ನು ನೀವೇ ಬರೆಯಲು ಸಾಧ್ಯವೇ ಎಂದು ವಿಜೆಟ್ ಕಂಪನಿಯನ್ನು ಕೇಳಿ.

ವಿಜೆಟ್ ತನ್ನದೇ ಕುಕೀ ನಂಬಿಕೊಂಡರೆ ಆಗದೇ?

ಹತ್ತು ವರ್ಷದ ಹಿಂದೆ ಆಗುತ್ತಿತ್ತು. ಈಗ ಅದರ ಮೇಲೆ ಮನೆ ಕಟ್ಟಬೇಡಿ. ಸಫಾರಿ 2020ರ ಮಾರ್ಚ್‌ನಲ್ಲಿ ಥರ್ಡ್ ಪಾರ್ಟಿ ಕುಕೀಗಳನ್ನು (ಪುಟದೊಳಗೆ ಕೂತ ಬೇರೆ ಸೈಟ್‌ನ ಕುಕೀಗಳನ್ನು) ಪೂರ್ತಿ ನಿಲ್ಲಿಸಿತು. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಪ್ರತಿ ಸೈಟ್‌ಗೂ ಬೇರೆ ಬೇರೆ ಕುಕೀ ಸಂಗ್ರಹ ಇಡುತ್ತದೆ. ಕ್ರೋಮ್ ನಿಲ್ಲಿಸುತ್ತೇನೆಂದು 2020ರ ಜನವರಿಯಲ್ಲಿ ಹೇಳಿತು, ಮುಂದೂಡುತ್ತ ಬಂತು, 2024ರ ಜನವರಿಯಲ್ಲಿ ಶೇ 1ರಷ್ಟು ಬಳಕೆದಾರರಿಗೆ ನಿಲ್ಲಿಸಿ ನೋಡಿತು, ಅದೇ ಜುಲೈನಲ್ಲಿ ಮನಸ್ಸು ಬದಲಿಸಿತು, 2025ರ ಏಪ್ರಿಲ್‌ನಲ್ಲಿ ಇದ್ದದ್ದು ಇದ್ದ ಹಾಗೇ ಇರಲಿ ಎಂದಿತು. ಹಾಗಿದ್ದರೂ ಕ್ರೋಮ್‌ನ ಇನ್‌ಕಾಗ್ನಿಟೋದಲ್ಲಿ ಅವು ಡೀಫಾಲ್ಟ್ ಆಗಿ ಬಂದ್. ಜೊತೆಗೆ 2020ರಿಂದ ಕ್ರೋಮ್‌ನಲ್ಲಿ ಸೇಮ್‌ಸೈಟ್ ಗುರುತು (ಬೇರೆ ಸೈಟ್‌ನಿಂದ ಕುಕೀ ಹೋಗಬಹುದೇ ಎಂದು ಹೇಳುವುದು) ಹಾಕದ ಕುಕೀಯನ್ನು ಲ್ಯಾಕ್ಸ್ ಎಂದೇ ಹಿಡಿಯಲಾಗುತ್ತದೆ. ಬೇರೆ ಸೈಟ್‌ನ ಐಫ್ರೇಮ್‌ನಿಂದ ಅದು ಹೋಗುವುದಿಲ್ಲ. ಹೋಗಬೇಕಾದರೆ ಸೇಮ್‌ಸೈಟ್ ನನ್ (ತಡೆ ಬೇಡ) ಎಂದೂ ಸೆಕ್ಯೂರ್ ಎಂದೂ ಎರಡನ್ನೂ ಬರೆಯಬೇಕು.

ಪಾರ್ಟಿಷನ್ಡ್ ಎಂಬ ಹೊಸ ಗುರುತು ಹಾಕಿದ ಕುಕೀ ಉಪಯೋಗಕ್ಕೆ ಬರುತ್ತದೆ. ಅದು ಆ ಒಂದು ಹೋಸ್ಟ್‌ಗೆ ಸೀಮಿತವಾಗಿ ವಿಜೆಟ್‌ನ ಚಾಟ್ ಸೆಷನ್ ಉಳಿಸಿಕೊಳ್ಳುತ್ತದೆ. ಆದರೆ ನಮ್ಮ ಮೂಲ ಪ್ರಶ್ನೆಗೆ ಇದು ಉತ್ತರವಲ್ಲ. ವಿಜೆಟ್‌ನ ಕುಕೀ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ, ಅಂಗಡಿಯಲ್ಲಿ ಯಾರು ಲಾಗಿನ್ ಆಗಿದ್ದಾರೆ ಎಂಬುದನ್ನು ಅಂಗಡಿಯೇ ಹೇಳಬೇಕು.

ಸ್ಟೋರೇಜ್ ಆ್ಯಕ್ಸೆಸ್ ಎಪಿಐ ಬಳಸಬಹುದೇ?

ಐಫ್ರೇಮ್ ತನ್ನ ಕುಕೀ ಬಳಸಲು ಬ್ರೌಸರ್‌ನ ಅನುಮತಿ ಕೇಳುವ ದಾರಿ ಇದು. ಗ್ರಾಹಕರಿಗೆ ವಿಜೆಟ್ ಕಂಪನಿಯಲ್ಲೇ ಸ್ವಂತ ಖಾತೆ ಇದ್ದು, ಆ ಖಾತೆಯ ಲಾಗಿನ್ ಐಫ್ರೇಮ್ ಒಳಗೆ ಬೇಕಾದಾಗ ಮಾತ್ರ. ಗ್ರಾಹಕರು ಒಂದು ಬಟನ್ ಒತ್ತಬೇಕು, ಆ ಕಂಪನಿಯ ಸೈಟ್‌ಗೆ ಮೊದಲು ನೇರವಾಗಿ ಹೋಗಿರಬೇಕು, ಬ್ರೌಸರ್ ಅನುಮತಿ ಕೇಳಬಹುದು. ಪುಸ್ತಕದಂಗಡಿಯ ಗ್ರಾಹಕರು ಚಾಟ್ ಕಂಪನಿಯ ಹೆಸರನ್ನೇ ಕೇಳಿರುವುದಿಲ್ಲ. ಅಲ್ಲಿ ಇದರಿಂದ ಪ್ರಯೋಜನವಿಲ್ಲ.

ಪುಟದ ಜಾವಾಸ್ಕ್ರಿಪ್ಟ್‌ನಲ್ಲೇ ಯೂಸರ್ ಐಡಿ, ಇಮೇಲ್ ಬರೆದು ವಿಜೆಟ್‌ಗೆ ಕೊಟ್ಟರೆ ಸಾಕಲ್ಲವೇ? ಎಲ್ಲ ಕಡೆ ಹಾಗೇ ಇದೆ.

ಎಲ್ಲ ಕಡೆ ಇದೆ ಎಂಬುದು ನಿಜ, ನನ್ನ ಕಳವಳವೂ ಅದೇ. ಹೀಗೆ ಮಾಡಿ ನೋಡಿ. ನಿಮ್ಮ ಸೈಟ್‌ಗೆ ನಿಮ್ಮದೇ ಖಾತೆಯಿಂದ ಲಾಗಿನ್ ಆಗಿ, ಎಫ್12 ಒತ್ತಿ ಕನ್ಸೋಲ್ ತೆರೆಯಿರಿ. ವಿಜೆಟ್ ಶುರು ಮಾಡುವ ಸಾಲನ್ನು ಅಲ್ಲಿ ಮತ್ತೆ ಬರೆಯಿರಿ, ಯೂಸರ್ ಐಡಿ 1042 ಇದ್ದ ಕಡೆ 1043 ಹಾಕಿ. ಎಂಟರ್ ಒತ್ತಿ ಚಾಟ್ ತೆರೆಯಿರಿ. ವಿಜೆಟ್ ಬರೀ ಐಡಿ ನಂಬುವಂಥದ್ದಾದರೆ, ಇನ್ನೊಬ್ಬರ ಹೆಸರು ಹಿಡಿದು ನಿಮಗೆ ನಮಸ್ಕಾರ ಹೇಳುತ್ತದೆ. ಮೇಲಕ್ಕೆ ಸರಿಸಿದರೆ ಹಿಂದಿನ ತಿಂಗಳು ಅವರು ಬರೆದ ದೂರು, ಮನೆ ವಿಳಾಸ, ವಾಪಸ್ ಬರಬೇಕಾದ ಹಣದ ಮಾತುಕತೆ ಎಲ್ಲವೂ ಅಲ್ಲೇ. ಇದಕ್ಕೆ ಹ್ಯಾಕಿಂಗ್ ಬರಬೇಕಾಗಿಲ್ಲ. ಎಣಿಸಲು ಬಂದರೆ ಸಾಕು. (ಪರೀಕ್ಷೆಗೆ ನಿಮ್ಮದೇ ಎರಡು ಖಾತೆ ಬಳಸಿ, ಬೇರೆಯವರ ಮಾಹಿತಿ ತೆರೆಯಬೇಡಿ.)

ಐಡಿಯನ್ನು ಊಹಿಸಲಾಗದ ಉದ್ದನೆಯ ಸಂಖ್ಯೆ ಮಾಡಿದರೆ ಊಹೆ ಕಷ್ಟವಾಗುತ್ತದೆ, ಅಷ್ಟೇ. ಐಡಿಗಳು ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ, ಇಮೇಲ್‌ಗಳಲ್ಲಿ, ಸ್ಕ್ರೀನ್‌ಶಾಟ್‌ಗಳಲ್ಲಿ ಹೊರಬೀಳುತ್ತಲೇ ಇರುತ್ತವೆ. ಬ್ರೌಸರ್‌ನಿಂದ ಬಂದ ಯಾವ ಮಾತನ್ನೂ ಗುರುತು ಎಂದು ನಂಬಬಾರದು.

ಹಾಗಾದರೆ ಸರಿಯಾದ ದಾರಿ ಯಾವುದು?

ಲಾಗಿನ್ ಆದವರು ಯಾರೆಂಬುದು ನಿಮ್ಮ ಸರ್ವರ್‌ಗೆ ಖಚಿತವಾಗಿ ಗೊತ್ತು. ಆ ಸರ್ವರ್ ಒಂದು ಚೀಟಿ ಬರೆದು, ಸಹಿ ಹಾಕಿ ಕೊಡಬೇಕು. ಚೀಟಿ ಗ್ರಾಹಕರ ಬ್ರೌಸರ್ ಮೂಲಕವೇ ಹೋಗುತ್ತದೆ, ಅವರು ಓದಲೂಬಹುದು. ಆದರೆ ಒಂದಕ್ಷರ ತಿದ್ದಿದರೂ ಸಹಿ ಹೊಂದುವುದಿಲ್ಲ. ಸಹಿ ಹಾಕುವ ಸೀಕ್ರೆಟ್ ಕೀ ನಿಮ್ಮ ಸರ್ವರ್ ಮತ್ತು ವಿಜೆಟ್ ಕಂಪನಿಯ ಸರ್ವರ್ ಎರಡಕ್ಕೆ ಮಾತ್ರ ಗೊತ್ತು. ಈ ಚೀಟಿಗೆ ಇವತ್ತು ಹೆಚ್ಚಾಗಿ ಬಳಸುವ ರೂಪ ಜೆಡಬ್ಲ್ಯೂಟಿ, ಎಂದರೆ ಜೇಸನ್ ವೆಬ್ ಟೋಕನ್, 2015ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 7519. ಗ್ರಾಹಕ ಸಹಾಯದ ಕಂಪನಿ ಝೆಂಡೆಸ್ಕ್‌ನ ಮೆಸೇಜಿಂಗ್ ವಿಜೆಟ್ ಇದನ್ನೇ ಕೇಳುತ್ತದೆ. ಕಮೆಂಟ್ ವಿಜೆಟ್ ಡಿಸ್ಕಸ್‌ನ ಸಿಂಗಲ್ ಸೈನ್ ಆನ್ (ಒಂದೇ ಲಾಗಿನ್ ಎರಡೂ ಕಡೆ ನಡೆಯುವ ವ್ಯವಸ್ಥೆ) ಕೂಡ ಸಹಿ ಹಾಕಿದ ಸಂದೇಶದ ಮೇಲೆಯೇ ನಿಂತಿದೆ, ರೂಪ ಮಾತ್ರ ಬೇರೆ.

ನಡೆಯುವ ಕ್ರಮ ಹೀಗೆ. ಐಫ್ರೇಮ್ ಲೋಡ್ ಆದ ಮೇಲೆ "ನಾನು ಸಿದ್ಧ" ಎಂದು ಹೋಸ್ಟ್ ಪುಟಕ್ಕೆ ಪೋಸ್ಟ್‌ಮೆಸೇಜ್ (ಒಂದು ಪುಟ ಇನ್ನೊಂದಕ್ಕೆ ಕಳಿಸುವ ಸಂದೇಶ) ಕಳಿಸುತ್ತದೆ. ಹೋಸ್ಟ್ ಪುಟ ತನ್ನದೇ ಸರ್ವರ್‌ಗೆ ಟೋಕನ್ ಕೇಳುತ್ತದೆ. ಅದೇ ಒರಿಜಿನ್ ಆದ್ದರಿಂದ ಸೆಷನ್ ಕುಕೀ ತಾನಾಗಿ ಹೋಗುತ್ತದೆ. ಸರ್ವರ್ ಆ ಸೆಷನ್ ನೋಡಿ, ಗ್ರಾಹಕರ ಐಡಿ ತೆಗೆದು, ಟೋಕನ್‌ಗೆ ಸಹಿ ಹಾಕಿ ಕೊಡುತ್ತದೆ. ಬ್ರೌಸರ್ ಕಳಿಸಿದ ಐಡಿಯನ್ನು ಈ ಹಂತದಲ್ಲೂ ತೆಗೆದುಕೊಳ್ಳುವುದಿಲ್ಲ. ಹೋಸ್ಟ್ ಪುಟ ಟೋಕನ್ನನ್ನು ಐಫ್ರೇಮ್‌ಗೆ ಪೋಸ್ಟ್‌ಮೆಸೇಜ್ ಮಾಡುತ್ತದೆ. ಐಫ್ರೇಮ್ ಅದನ್ನು ವಿಜೆಟ್‌ನ ಸರ್ವರ್‌ಗೆ ಒಯ್ಯುತ್ತದೆ, ಅಲ್ಲಿ ಸಹಿ ಪರೀಕ್ಷೆ ನಡೆದು ಚಾಟ್ ಸೆಷನ್ ಶುರುವಾಗುತ್ತದೆ. ಟೋಕನ್ ಅವಧಿ ಮುಗಿಯುವ ಹೊತ್ತಿಗೆ ಐಫ್ರೇಮ್ ಇನ್ನೊಂದು ಕೇಳುತ್ತದೆ.

ಇಲ್ಲಿ ಥರ್ಡ್ ಪಾರ್ಟಿ ಕುಕೀ ಒಂದೂ ಬೇಕಾಗಿಲ್ಲ. ಸಫಾರಿ, ಫೈರ್‌ಫಾಕ್ಸ್, ಕ್ರೋಮ್ ಮೂರರಲ್ಲೂ ಒಂದೇ ರೀತಿ ನಡೆಯುತ್ತದೆ. ಬ್ರೌಸರ್ ಕಂಪನಿಗಳು ನಾಳೆ ಮತ್ತೆ ಮನಸ್ಸು ಬದಲಿಸಿದರೂ ನಿಮಗೆ ಕೆಲಸ ಹೆಚ್ಚುವುದಿಲ್ಲ.

ಟೋಕನ್ ಒಳಗೆ ಏನೇನಿರಬೇಕು?

ಗ್ರಾಹಕರ ಐಡಿ, ಕೊಟ್ಟವರು ಯಾರು, ಯಾವ ವಿಜೆಟ್‌ಗಾಗಿ, ಯಾವಾಗ ಕೊಟ್ಟದ್ದು, ಯಾವಾಗ ಮುಗಿಯುತ್ತದೆ. ಅವಧಿ ಐದು ನಿಮಿಷ ಸಾಕು. ಯಾವ ವಿಜೆಟ್‌ಗಾಗಿ ಎಂಬುದನ್ನು ಜನ ಬಿಟ್ಟುಬಿಡುತ್ತಾರೆ. ಎರಡು ಸೇವೆಗಳಿಗೆ ಒಂದೇ ಕೀ ಬಳಸಿದ ಸೈಟ್‌ನಲ್ಲಿ ಚಾಟ್‌ಗೆ ಕೊಟ್ಟ ಟೋಕನ್ ಇನ್ನೊಂದು ಕಡೆಯೂ ನಡೆದುಬಿಡುತ್ತದೆ.

ಜೆಡಬ್ಲ್ಯೂಟಿ ನೋಡಲು ಗೂಢಲಿಪಿಯಂತೆ ಕಂಡರೂ ಒಳಗಿನ ಮಾತು ಬರೀ ಬೇಸ್64, ಎಂದರೆ ಬೈಟ್‌ಗಳನ್ನು ಸಾದಾ ಅಕ್ಷರಗಳಲ್ಲಿ ಬರೆಯುವ ರೀತಿ. ಯಾರು ಬೇಕಾದರೂ ಬಿಡಿಸಿ ಓದಬಹುದು. ಆಧಾರ್ ನಂಬರ್, ಫೋನ್, ವಿಳಾಸ ಹಾಕಬೇಡಿ. ಹೆಸರು ತೋರಿಸಲೇಬೇಕೆಂದರೆ ಹೆಸರೊಂದು ಸಾಕು.

ಟೋಕನ್‌ನ ಸಹಿ ಪರೀಕ್ಷೆ ಮಾಡುವ ಕಡೆಯವರಿಗೆ ಒಂದು ಮಾತು. ಯಾವ ವಿಧಾನದ ಸಹಿ ಎಂಬುದನ್ನು ಟೋಕನ್ ಹೇಳಿದಂತೆ ಕೇಳಬೇಡಿ, ನಿಮ್ಮ ಕೋಡ್‌ನಲ್ಲೇ ಗೊತ್ತುಮಾಡಿ. ತಲೆಭಾಗದಲ್ಲಿ "ನನ್" (ಸಹಿ ವಿಧಾನ ಯಾವುದೂ ಇಲ್ಲ) ಎಂದು ಬರೆದು ಸಹಿಯನ್ನೇ ಖಾಲಿ ಬಿಟ್ಟ ಟೋಕನ್ನನ್ನು ಒಪ್ಪಿಕೊಂಡ ಲೈಬ್ರರಿಗಳು ಇದ್ದವು.

ಯೂಸರ್ ಐಡಿಗೆ ಎಚ್‌ಮ್ಯಾಕ್ ಹಾಕಿ ಕೊಟ್ಟರೆ ಸಾಕು ಎನ್ನುತ್ತಾರಲ್ಲ?

ಎಚ್‌ಮ್ಯಾಕ್ ಎಂದರೆ ಐಡಿ ಮತ್ತು ಸೀಕ್ರೆಟ್ ಕೀ ಸೇರಿಸಿ ಲೆಕ್ಕ ಹಾಕಿದ ಸಹಿ, ಅದನ್ನೇ ಇಲ್ಲಿ ಹ್ಯಾಶ್ ಎನ್ನುತ್ತೇನೆ. ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ. 1043ಕ್ಕೆ ಬೇಕಾದ ಹ್ಯಾಶ್ ಕೀ ಇಲ್ಲದವರಿಗೆ ಸಿಗುವುದಿಲ್ಲ. ಕೊರತೆ ಎಂದರೆ ಅದಕ್ಕೆ ಅವಧಿ ಇಲ್ಲ. 1042ರ ಹ್ಯಾಶ್ ಇವತ್ತೂ ಅದೇ, ಮುಂದಿನ ವರ್ಷವೂ ಅದೇ. ಒಮ್ಮೆ ಯಾರದೋ ಕೈಗೆ ಸಿಕ್ಕರೆ ಕೀ ಬದಲಿಸುವವರೆಗೆ ಆ ಗ್ರಾಹಕರ ಚಾಟ್ ತೆರೆದೇ ಇರುತ್ತದೆ. ವಿಜೆಟ್ ಕಂಪನಿ ಎರಡೂ ಕೊಟ್ಟಿದ್ದರೆ ಅವಧಿ ಇರುವ ಟೋಕನ್ನನ್ನೇ ಆರಿಸಿ.

ಸೀಕ್ರೆಟ್ ಕೀ ಎಲ್ಲಿಡಬೇಕು?

ಸರ್ವರ್‌ನಲ್ಲಿ, ಎನ್ವಿರಾನ್ಮೆಂಟ್ ವೇರಿಯಬಲ್ ಆಗಿ ಅಥವಾ ಸೀಕ್ರೆಟ್ ಮ್ಯಾನೇಜರ್‌ನಲ್ಲಿ. ಗಿಟ್‌ಗೆ ಬೇಡ. ರಿಯಾಕ್ಟ್, ವ್ಯೂ ಪ್ರಾಜೆಕ್ಟ್‌ಗಳಲ್ಲಿ ಬಿಲ್ಡ್ ಆಗುವಾಗ ಎನ್ವಿರಾನ್ಮೆಂಟ್ ಫೈಲ್‌ನ ಕೆಲವು ಮೌಲ್ಯಗಳು ಬ್ರೌಸರ್‌ಗೆ ಹೋಗುವ ಬಂಡಲ್ ಒಳಗೆ ಸೇರುತ್ತವೆ. ಕೀ ಅಲ್ಲಿ ಸೇರಿದರೆ ಪ್ರತಿ ಗ್ರಾಹಕರ ಬಳಿಯೂ ಅದರ ಪ್ರತಿ ಇದ್ದಂತೆ. ಜೆಡಬ್ಲ್ಯೂಟಿಯ ಎಚ್‌ಎಸ್256 ಎಂಬ ಸಹಿ ವಿಧಾನಕ್ಕೆ ಕೀ ಕನಿಷ್ಠ 32 ಬೈಟ್ ಇರಬೇಕು, ಯಾದೃಚ್ಛಿಕವಾಗಿರಬೇಕು. ಅಂಗಡಿಯ ಹೆಸರಿಗೆ 123 ಸೇರಿಸಿದ ಪದವನ್ನು ಮನೆಯ ಕಂಪ್ಯೂಟರ್‌ನಲ್ಲೇ ಊಹಿಸಿ ಮುರಿಯಬಹುದು.

ನಮ್ಮದು ವರ್ಡ್‌ಪ್ರೆಸ್ ಸೈಟ್. ಬ್ಯಾಕೆಂಡ್ ಬರೆಯುವವರು ಯಾರೂ ಇಲ್ಲ.

ವರ್ಡ್‌ಪ್ರೆಸ್ಸೇ ಬ್ಯಾಕೆಂಡ್. ಈಗ ಲಾಗಿನ್ ಆಗಿರುವವರು ಯಾರೆಂದು ಹೇಳುವ ಫಂಕ್ಷನ್ ಅದರಲ್ಲಿದೆ, ಎಚ್‌ಮ್ಯಾಕ್ ಲೆಕ್ಕ ಹಾಕುವ ಫಂಕ್ಷನ್ ಪಿಎಚ್‌ಪಿಯಲ್ಲೇ ಇದೆ. ಚಿಕ್ಕ ಪ್ಲಗಿನ್ ಒಂದರಲ್ಲಿ ಕೆಲಸ ಮುಗಿಯುತ್ತದೆ.

ಒಂದೇ ಒಂದು ಕಡೆ ಬಹಳ ಜಾಗ್ರತೆ ಬೇಕು. ಟೋಕನ್ನನ್ನು ಪುಟದ ಎಚ್‌ಟಿಎಂಎಲ್ ಒಳಗೆ ಪ್ರಿಂಟ್ ಮಾಡಬೇಡಿ. ಹೆಚ್ಚಿನ ಸೈಟ್‌ಗಳಲ್ಲಿ ಪುಟದ ಪ್ರತಿ ಇಟ್ಟುಕೊಂಡು ಬೇಗ ಕೊಡುವ ಕ್ಯಾಶ್ ಪ್ಲಗಿನ್ ಇರುತ್ತದೆ, ಮುಂದೆ ಅದೇ ಕೆಲಸದ ಸಿಡಿಎನ್ ಸರ್ವರ್‌ಗಳು ಇರುತ್ತವೆ. ಅವುಗಳ ಸೆಟ್ಟಿಂಗ್ ಸ್ವಲ್ಪ ತಪ್ಪಿದ್ದರೂ ಸಾಕು, ಬೆಳಿಗ್ಗೆ ಪುಟ ತೆರೆದ ಒಬ್ಬರ ಟೋಕನ್ ಸಮೇತ ಪುಟ ಕ್ಯಾಶ್‌ನಲ್ಲಿ ಕೂತು, ಆಮೇಲೆ ಬಂದವರಿಗೆಲ್ಲ ಅದೇ ಸಿಗುತ್ತದೆ. ಸಹಿ ಸರಿಯಾಗಿದೆ, ಅವಧಿಯೂ ಮುಗಿದಿಲ್ಲ, ವ್ಯಕ್ತಿ ಮಾತ್ರ ಬೇರೆ. ಟೋಕನ್‌ಗೆ ಪ್ರತ್ಯೇಕ ವಿಳಾಸ ಇಟ್ಟು, ಉತ್ತರದ ಹೆಡರ್‌ನಲ್ಲಿ ನೋ ಸ್ಟೋರ್ ಎಂದು ಬರೆದು, ಜಾವಾಸ್ಕ್ರಿಪ್ಟ್ ಮೂಲಕ ತರಿಸಿಕೊಳ್ಳಿ.

ಪೋಸ್ಟ್‌ಮೆಸೇಜ್ ಬಳಸುವಾಗ ಏನು ಗಮನಿಸಬೇಕು?

ಕಳಿಸುವಾಗ ಯಾರಿಗೆ ಎಂಬುದನ್ನು ಪೂರ್ತಿ ಒರಿಜಿನ್ ಸಮೇತ ಬರೆಯಬೇಕು. ಅಲ್ಲಿ ನಕ್ಷತ್ರ (ಯಾರಾದರೂ ಸರಿ ಎಂಬ ಚಿಹ್ನೆ) ಹಾಕಿದರೆ ಆ ಹೊತ್ತಿಗೆ ಐಫ್ರೇಮ್‌ನಲ್ಲಿ ಯಾರಿದ್ದರೂ ಟೋಕನ್ ಅವರಿಗೆ ತಲುಪುತ್ತದೆ. ಐಫ್ರೇಮ್ ಮೊದಲು ಕಳಿಸುವ "ನಾನು ಸಿದ್ಧ" ಸಂದೇಶಕ್ಕೆ ಮಾತ್ರ ನಕ್ಷತ್ರ ಪರವಾಗಿಲ್ಲ, ಅದರಲ್ಲಿ ಗುಟ್ಟೇನೂ ಇಲ್ಲ.

ಪಡೆಯುವ ಕಡೆ, ಸಂದೇಶದ ಜೊತೆ ಬರುವ ಒರಿಜಿನ್ ನೋಡಿ. ಪೂರ್ತಿಗೆ ಪೂರ್ತಿ ಹೋಲಿಸಬೇಕು. ಈ ಪದದಿಂದ ಶುರುವಾಗುತ್ತದೆಯೇ, ಈ ಪದ ಒಳಗಿದೆಯೇ ಎಂಬ ಪರೀಕ್ಷೆ ಸಾಲದು. ನಿಮ್ಮದು ನಮ್ಮಂಗಡಿ.ಇನ್ ಎಂದಿಟ್ಟುಕೊಳ್ಳಿ, ನಮ್ಮಂಗಡಿ.ಇನ್.ಕಳ್ಳಸೈಟ್.ಕಾಮ್ ಎಂಬುದೂ ಆ ಪರೀಕ್ಷೆ ದಾಟುತ್ತದೆ.

ನಿಮ್ಮ ಡೊಮೇನ್ ಕನ್ನಡದ ಡಾಟ್ ಭಾರತ ಆಗಿದ್ದರೆ ಇನ್ನೊಂದು ತೊಡಕಿದೆ. ಬ್ರೌಸರ್ ಒರಿಜಿನ್ನನ್ನು ಕನ್ನಡ ಅಕ್ಷರದಲ್ಲಿ ಕೊಡುವುದಿಲ್ಲ, ಎಕ್ಸ್ ಎನ್ ಎಂಬ ಎರಡಕ್ಷರ, ಎರಡು ಅಡ್ಡಗೆರೆಯಿಂದ ಶುರುವಾಗುವ ಪ್ಯೂನಿಕೋಡ್ ರೂಪದಲ್ಲಿ ಕೊಡುತ್ತದೆ. ಕನ್ನಡದಲ್ಲಿ ಬರೆದಿಟ್ಟ ಹೆಸರಿನ ಜೊತೆ ಅದು ಯಾವತ್ತೂ ಹೊಂದುವುದಿಲ್ಲ. ವಿಜೆಟ್ ಕಂಪನಿಯ ಸೆಟ್ಟಿಂಗ್‌ನಲ್ಲೂ ಪ್ಯೂನಿಕೋಡ್ ರೂಪವನ್ನೇ ದಾಖಲಿಸಿ.

ಟೋಕನ್ನನ್ನು ಐಫ್ರೇಮ್‌ನ ವಿಳಾಸದಲ್ಲೇ ಸೇರಿಸಿ ಕಳಿಸಬಹುದೇ?

ಬೇಡ. ಪ್ರಶ್ನಾರ್ಥಕ ಚಿಹ್ನೆಯ ನಂತರ ಬರೆದದ್ದೆಲ್ಲ ಸರ್ವರ್ ಲಾಗ್‌ಗಳಲ್ಲಿ ಉಳಿಯುತ್ತದೆ, ರೆಫರರ್ (ಯಾವ ಪುಟದಿಂದ ಬಂದದ್ದು ಎಂಬ ಮಾಹಿತಿ) ಮೂಲಕ ಬೇರೆ ಕಡೆಯೂ ಸೋರಬಹುದು.

ಹೆಸರು ಕನ್ನಡದಲ್ಲಿದ್ದಾಗ ಟೋಕನ್ ಮುರಿಯುತ್ತದೆ, ಯಾಕೆ?

ಎರಡು ಕಾರಣ. ಇಂಗ್ಲಿಷ್ ಹೆಸರುಗಳಲ್ಲಿ ಮಾತ್ರ ಪರೀಕ್ಷೆ ಮಾಡಿದ ತಂಡಗಳು ಎರಡನ್ನೂ ಗಮನಿಸಿರುವುದಿಲ್ಲ. ನಮ್ಮ ಗ್ರಾಹಕರು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರು ಎಂಬ ಒಂದೇ ಕಾರಣಕ್ಕೆ ಅವರಿಗೆ ಸಹಾಯ ಸಿಗದೇ ಹೋಗಬಾರದು. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಬೇಸ್64. ಬ್ರೌಸರ್‌ನಲ್ಲಿರುವ ಬಿಟಿಒಎ ಎಂಬ, ಬೇಸ್64ಗೆ ತಿರುಗಿಸುವ ಹಳೆಯ ಫಂಕ್ಷನ್ ಲ್ಯಾಟಿನ್1 (ಪಶ್ಚಿಮ ಯೂರೋಪಿನ ಭಾಷೆಗಳ) ಅಕ್ಷರಗಳನ್ನು ಮಾತ್ರ ಒಪ್ಪುತ್ತದೆ. ಕನ್ನಡ ಅಕ್ಷರ ಕೊಟ್ಟರೆ ಎರರ್ ಎಸೆಯುತ್ತದೆ. ಅದರ ಜೋಡಿ, ಬೇಸ್64 ಬಿಡಿಸುವ ಫಂಕ್ಷನ್ ಎರರ್ ಕೊಡುವುದಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡುತ್ತದೆ. ಸರಿಯಾಗಿ ಬಂದ ಟೋಕನ್ ಬಿಡಿಸಿ, ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ತೋರಿಸುತ್ತದೆ. ಮೊದಲು ಟೆಕ್ಸ್ಟ್ ಎನ್‌ಕೋಡರ್‌ನಿಂದ ಯುಟಿಎಫ್8 ಬೈಟ್ ಮಾಡಿಕೊಂಡು ಆಮೇಲೆ ಬೇಸ್64ಗೆ ಹೋಗಬೇಕು, ಬಿಡಿಸುವಾಗ ಇದರ ಹಿಮ್ಮುಖ. ಒಳ್ಳೆಯ ಜೆಡಬ್ಲ್ಯೂಟಿ ಲೈಬ್ರರಿ ಇದನ್ನು ತಾನೇ ನೋಡಿಕೊಳ್ಳುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. "ಗೋಪಾಲ" ಎಂಬ ಹೆಸರು ತೆಗೆದುಕೊಳ್ಳಿ. ಓತ್ವದ ಚಿಹ್ನೆಗೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಿದೆ, 0ಸಿಸಿಬಿ. ಅದೇ ಚಿಹ್ನೆಯನ್ನು ಎತ್ವ, ಊತ್ವ, ದೀರ್ಘದ ಗುರುತು ಎಂಬ ಮೂರು ಸಂಕೇತ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಮೊದಲ ರೂಪದಲ್ಲಿ ಹೆಸರಿಗೆ 5 ಸಂಕೇತ, ಯುಟಿಎಫ್8ನಲ್ಲಿ 15 ಬೈಟ್. ಎರಡನೆಯದರಲ್ಲಿ 7 ಸಂಕೇತ, 21 ಬೈಟ್. ಸಹಿ ಬೀಳುವುದು ಬೈಟ್‌ಗಳ ಮೇಲೆ. ನಿಮ್ಮ ಸರ್ವರ್ ಒಂದು ರೂಪಕ್ಕೆ ಎಚ್‌ಮ್ಯಾಕ್ ಹಾಕಿ, ದಾರಿಯಲ್ಲಿ ಯಾವುದೋ ಸಾಫ್ಟ್‌ವೇರ್ ಇನ್ನೊಂದು ರೂಪಕ್ಕೆ ತಿರುಗಿಸಿದರೆ, ಕಣ್ಣಿಗೆ ಏನೂ ಬದಲಾಗದೆ ಸಹಿ ತಪ್ಪಾಗುತ್ತದೆ. ಗಂಟೆಗಟ್ಟಲೆ ಹುಡುಕಿದರೂ ಕಾರಣ ಕಾಣುವುದಿಲ್ಲ.

ಪರಿಹಾರ ಸುಲಭ. ಹೆಸರನ್ನು ಉಳಿಸುವಾಗಲೇ ಎನ್‌ಎಫ್‌ಸಿ ರೂಪಕ್ಕೆ (ಮೇಲಿನ ಮೊದಲ, ಒಂದೇ ಸಂಕೇತದ ರೂಪಕ್ಕೆ) ತನ್ನಿ. ಬರೀ ಎಚ್‌ಮ್ಯಾಕ್ ಬಳಸುವವರು ಹೆಸರಿಗಲ್ಲ, ಅಂಕಿಯ ಐಡಿಗೆ ಸಹಿ ಹಾಕಿ. ಜೆಡಬ್ಲ್ಯೂಟಿಯಲ್ಲಿ ಬೇಸ್64 ಆದ ಮೇಲಿನ ಪಠ್ಯಕ್ಕೇ ಸಹಿ ಬೀಳುವುದರಿಂದ ಈ ತೊಂದರೆ ಬಾರದು. ಅದನ್ನು ಆರಿಸಲು ಇದೂ ಒಂದು ಕಾರಣ.

ಟೋಕನ್ ಗೋಜು ಬಿಟ್ಟು, ವಿಜೆಟ್ ನೇರವಾಗಿ ನಮ್ಮ ಎಪಿಐ ಕರೆಯುವಂತೆ ಸಿಒಆರ್‌ಎಸ್ ತೆರೆದರೆ?

ಬೇರೆ ಒರಿಜಿನ್‌ಗೆ ಓದಲು ಸರ್ವರ್ ಕೊಡುವ ಅನುಮತಿಯೇ ಸಿಒಆರ್‌ಎಸ್. ಐಫ್ರೇಮ್‌ನಿಂದ ಬರುವ ಆ ಕರೆಯನ್ನು ಬ್ರೌಸರ್ ಬೇರೆ ಸೈಟ್‌ನ ಕರೆ ಎಂದೇ ಎಣಿಸುತ್ತದೆ, ಲ್ಯಾಕ್ಸ್ ಆದ ಸೆಷನ್ ಕುಕೀ ಅದರ ಜೊತೆ ಹೋಗುವುದಿಲ್ಲ. ಕುಕೀ ಸಹಿತದ ಕರೆಗೆ ಎಲ್ಲರಿಗೂ ಅನುಮತಿ ಎಂಬ ನಕ್ಷತ್ರವನ್ನು ಬ್ರೌಸರ್ ಒಪ್ಪುವುದಿಲ್ಲ. ಅದನ್ನು ದಾಟಲು ಕೆಲವರು ಬಂದ ಒರಿಜಿನ್ನನ್ನೇ ಪರೀಕ್ಷಿಸದೆ ಹೆಡರ್‌ನಲ್ಲಿ ವಾಪಸ್ ಬರೆಯುತ್ತಾರೆ. ಹಾಗೆ ಮಾಡಿದರೆ ಯಾವ ಸೈಟ್ ಬೇಕಾದರೂ ನಿಮ್ಮ ಗ್ರಾಹಕರ ಮಾಹಿತಿ ಓದಲು ನೀವೇ ಬಾಗಿಲು ತೆರೆದಂತೆ.

ಆರ್ಡರ್ ವಿವರ ಚಾಟ್‌ಗೆ ಬೇಕು. ಅದನ್ನು ಎಲ್ಲಿಂದ ಕೊಡಬೇಕು?

ಸರ್ವರ್‌ನಿಂದ ಸರ್ವರ್‌ಗೆ. ಟೋಕನ್ ಪರೀಕ್ಷೆಯಾದ ಮೇಲೆ ವಿಜೆಟ್‌ನ ಸರ್ವರ್‌ಗೆ ಗ್ರಾಹಕರ ಐಡಿ ಖಚಿತವಾಗಿ ಗೊತ್ತು. ಅದು ನಿಮ್ಮ ಎಪಿಐಗೆ ತನ್ನ ಸ್ವಂತ ಕೀ ತೋರಿಸಿ ಆ ಒಬ್ಬರ ಆರ್ಡರ್ ಕೇಳಲಿ. ಆರ್ಡರ್ ಎಲ್ಲಿದೆ ಎಂದು ಹೇಳಲು ಬೇಕಾದಷ್ಟೇ ಕೊಡಿ, ಪೂರ್ತಿ ಪ್ರೊಫೈಲ್ ಬೇಡ.

ಈಗ ಚಾಟ್‌ನಲ್ಲಿ ಎಐ ಬಾಟ್‌ಗಳು ಉತ್ತರಿಸುತ್ತಿವೆ, ಹಾಗಾಗಿ ಇದು ಇನ್ನೂ ಮುಖ್ಯವಾಗಿದೆ. "ನಾನು 1043, ನನ್ನ ಹೊಸ ವಿಳಾಸ ಹೇಳಿ" ಎಂದು ಯಾರು ಬೇಕಾದರೂ ಟೈಪ್ ಮಾಡಬಹುದು. ಆರ್ಡರ್ ಹುಡುಕುವ ಕೋಡ್ ಐಡಿಯನ್ನು ಪರೀಕ್ಷೆಯಾದ ಸೆಷನ್‌ನಿಂದಲೇ ತೆಗೆದುಕೊಳ್ಳಬೇಕು, ಮಾತುಕತೆಯಿಂದ ಅಲ್ಲ. ಬಾಟ್‌ಗೆ ಕೊಟ್ಟ ಸೂಚನೆಯಲ್ಲಿ "ಬೇರೆಯವರ ವಿವರ ಹೇಳಬೇಡ" ಎಂದು ಬರೆದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ.

ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿದೆ, ಲೈವ್ ಆದ ಮೇಲೆ ಐಫೋನ್‌ಗಳಲ್ಲಿ ಮಾತ್ರ ಕೆಲಸ ಮಾಡುತ್ತಿಲ್ಲ.

ಎಲ್ಲೋ ಇನ್ನೂ ಥರ್ಡ್ ಪಾರ್ಟಿ ಕುಕೀ ಬಳಕೆಯಾಗುತ್ತಿದೆ. ಲೋಕಲ್‌ಹೋಸ್ಟ್‌ನ 3000 ಪೋರ್ಟ್‌ನಲ್ಲಿ ಹೋಸ್ಟ್, 5000ದಲ್ಲಿ ವಿಜೆಟ್ ಓಡಿಸಿದರೆ ಒರಿಜಿನ್ ಬೇರೆಯಾದರೂ ಸೈಟ್ ಒಂದೇ, ಕುಕೀ ಆರಾಮಾಗಿ ಹೋಗುತ್ತದೆ. ಲೈವ್ ಆದಾಗ ಸೈಟ್ ಎರಡಾಗುತ್ತದೆ. ಹೋಸ್ಟ್ಸ್ ಫೈಲ್‌ನಲ್ಲಿ (ಹೆಸರನ್ನು ನಿಮ್ಮದೇ ಕಂಪ್ಯೂಟರ್‌ಗೆ ತಿರುಗಿಸಬಹುದಾದ ಪಟ್ಟಿಯಲ್ಲಿ) ಸಂಬಂಧವಿಲ್ಲದ ಎರಡು ಡೊಮೇನ್ ಹೆಸರು ಬರೆದು, ಎರಡಕ್ಕೂ ಎಚ್‌ಟಿಟಿಪಿಎಸ್ ಹಾಕಿ, ಸಫಾರಿಯಲ್ಲೋ ಕ್ರೋಮ್‌ನ ಇನ್‌ಕಾಗ್ನಿಟೋದಲ್ಲೋ ಪರೀಕ್ಷಿಸಿ.

ಗ್ರಾಹಕರು ಲಾಗೌಟ್ ಆದಾಗ ವಿಜೆಟ್‌ಗೆ ಏನಾಗಬೇಕು?

ತಾನಾಗಿ ಏನೂ ಆಗುವುದಿಲ್ಲ, ನೀವೇ ಹೇಳಬೇಕು. ಲಾಗೌಟ್ ಬಟನ್ ಒತ್ತಿದಾಗ ವಿಜೆಟ್‌ಗೆ ಸೆಷನ್ ಮುಗಿಸಲು ಸಂದೇಶ ಕಳಿಸಿ, ಐಫ್ರೇಮ್ ತೆಗೆದುಹಾಕಿ. ಸೈಬರ್ ಸೆಂಟರ್‌ನಲ್ಲಿ, ಕಾಲೇಜಿನ ಲ್ಯಾಬ್‌ನಲ್ಲಿ ಒಂದೇ ಕಂಪ್ಯೂಟರ್ ಮುಂದೆ ಒಬ್ಬರಾದ ಮೇಲೆ ಒಬ್ಬರು ಕೂರುತ್ತಾರೆ. ಅಂಗಡಿಯಿಂದ ಲಾಗೌಟ್ ಆದ ಹುಡುಗಿಯ ಚಾಟ್ ಮುಂದಿನವರಿಗೆ ಹಾಗೇ ತೆರೆದುಕೊಂಡರೆ ಅವಳು ಎಚ್ಚರ ವಹಿಸಿಯೂ ಪ್ರಯೋಜನವಾಗಲಿಲ್ಲ. ಟೋಕನ್ನನ್ನು ಲೋಕಲ್‌ಸ್ಟೋರೇಜ್‌ನಲ್ಲಿ ಇಡದೆ ಮೆಮೊರಿಯಲ್ಲಷ್ಟೇ ಇಟ್ಟರೆ ಈ ಅಪಾಯ ಬಹುಮಟ್ಟಿಗೆ ಕಡಿಮೆ.

ಕಾನೂನಿನ ಪ್ರಕಾರ ಹೊಣೆ ಯಾರದು?

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳ ಜಾರಿಗೆ ಅಲ್ಲಿಂದ 18 ತಿಂಗಳ ಗಡುವು. ಮಾಹಿತಿ ಯಾಕೆ ಬೇಕು ಎಂದು ತೀರ್ಮಾನಿಸುವುದು ಅಂಗಡಿ, ಆದ್ದರಿಂದ ಹೊಣೆ ಅಂಗಡಿಯದು. ವಿಜೆಟ್ ಕಂಪನಿ ಅಂಗಡಿಯ ಪರವಾಗಿ ಮಾಹಿತಿ ಸಂಸ್ಕರಿಸುತ್ತದೆ, ಅದಕ್ಕೆ ಸರಿಯಾದ ಒಪ್ಪಂದ ಇರಬೇಕು. ಸಾಕಷ್ಟು ಭದ್ರತೆ ಇಡದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಶಾಲೆ, ಟ್ಯೂಷನ್ ಸೈಟ್‌ಗಳಲ್ಲಿ ಚಾಟ್ ವಿಜೆಟ್ ಹಾಕುವವರು ಇದನ್ನು ವಕೀಲರ ಜೊತೆ ಕೂತು ನೋಡಿ.

ನಮ್ಮ ಮೊಬೈಲ್ ಆ್ಯಪ್‌ನ ವೆಬ್‌ವ್ಯೂ ಒಳಗೂ ಇದೇ ವಿಜೆಟ್ ಬೇಕು.

ವೆಬ್‌ವ್ಯೂ ಎಂದರೆ ಆ್ಯಪ್ ಒಳಗೆ ವೆಬ್ ಪುಟ ತೋರಿಸುವ ಕಿಟಕಿ. ಟೋಕನ್ ದಾರಿಯೇ ಅಲ್ಲೂ ನಡೆಯುತ್ತದೆ. ಆ್ಯಂಡ್ರಾಯ್ಡ್ ವೆಬ್‌ವ್ಯೂನಲ್ಲಿ ಲಾಲಿಪಾಪ್ ಆವೃತ್ತಿಯಿಂದೀಚೆಗೆ ಥರ್ಡ್ ಪಾರ್ಟಿ ಕುಕೀ ಡೀಫಾಲ್ಟ್ ಆಗಿ ಬಂದ್. ಅದನ್ನು ತೆರೆಯುವ ಸೆಟ್ಟಿಂಗ್ ಇದೆ, ಆದರೆ ಟೋಕನ್ ಇರುವಾಗ ಮುಟ್ಟಬೇಕಾಗಿಲ್ಲ. ಆ್ಯಪ್ ತನ್ನ ಲಾಗಿನ್ ಬಳಸಿ ನಿಮ್ಮ ಸರ್ವರ್‌ನಿಂದ ಟೋಕನ್ ತಂದು ವೆಬ್‌ವ್ಯೂನ ಪುಟಕ್ಕೆ ಕೊಡಲಿ, ಅಲ್ಲಿಂದ ಮುಂದೆ ಎಲ್ಲ ಮೇಲಿನಂತೆಯೇ. ಸೀಕ್ರೆಟ್ ಕೀಯನ್ನು ಮಾತ್ರ ಆ್ಯಪ್ ಒಳಗೆ ಇಡಬೇಡಿ. ಆ್ಯಂಡ್ರಾಯ್ಡ್ ಆ್ಯಪ್‌ನ ಎಪಿಕೆ ಫೈಲ್ ಬಿಚ್ಚಿ ಒಳಗಿನ ಪದಗಳನ್ನು ಓದುವ ಉಪಕರಣಗಳು ಉಚಿತವಾಗಿ ಸಿಗುತ್ತವೆ.